ಹಗಲು ಓಡಿ ರಾತ್ರಿ ಕಚ್ಚಿಕೊಳ್ಳುತ್ತಿದ್ದ ಪಂಪ್ ಕೋವಿ

ಡಿಸೆಂಬರ್ ಎರಡನೇ ವಾರ, ಬೆಳಗಿನ ಜಾವ ನಾಲ್ಕು ಗಂಟೆ. ನಾಗಮಂಗಲ ತಾಲ್ಲೂಕಿನ ನಮ್ಮ ಹೊಲದಲ್ಲಿ ಕಬ್ಬಿನ ತಲೆಗಡೆಯಿಂದ ಹಂದಿ ಗುಟುರು ಹಾಕಿದ್ದು ಕೇಳಿಸಿತು. ಹಿಂದಿನ ವಾರವಷ್ಟೇ ಅರ್ಧ ಗುಂಟೆಯಷ್ಟು ಕಬ್ಬು ಉರುಳಿಸಿ ಹೋಗಿದ್ದವು. ಕೋವಿಯ ಕೆಳನಳಿಗೆಗೆ, ಅಂದರೆ ದೊಡ್ಡ ನಳಿಗೆಯ ಕೆಳಗಿರುವ ತೋಟಾ ತುಂಬುವ ಕೊಳವೆಗೆ, ನಾಲ್ಕು ತೋಟಾ ತುಂಬಿಕೊಂಡು ಬದುವಿನ ಮೇಲೆ ನಿಂತು, ಜನ ದನ ಯಾವುದೂ ಇಲ್ಲದ ಒಣಕೆರೆ ಕಡೆ ಒಂದು ಈಡು ಹಾಕಿದೆ. ನಳಿಗೆಯ ಕೆಳಗೆ ಹಿಂದೆ ಮುಂದೆ ಜಾರುವ ಹಿಡಿಯನ್ನು, ಅಂದರೆ ಪಂಪನ್ನು, ಹಿಂದಕ್ಕೆ ಎಳೆದೆ, ಖಾಲಿ ತೋಟಾ ಹಾರಿ ಬಿತ್ತು. ಮುಂದಕ್ಕೆ ತಳ್ಳಿದೆ. ತುಂಬಿದ ತೋಟಾ ಒಳಗೆ ಕೂರುವಾಗ ಕೈಗೆ ಒಂದು ಭಾರ ಗೊತ್ತಾಗುತ್ತದಲ್ಲ, ಅದು ಗೊತ್ತಾಗಲಿಲ್ಲ. ಮತ್ತೆ ಎಳೆದೆ, ಏನೂ ಬರಲಿಲ್ಲ. ಮೂರನೇ ಸಲ ಪಂಪ್ ಅರ್ಧಕ್ಕೆ ಕಚ್ಚಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ನಳಿಗೆಯ ಬಾಯನ್ನು ನೆಲದ ಕಡೆ ಮಾಡಿಕೊಂಡು, ಬೆರಳನ್ನು ಕೋವಿಯ ಕುದುರೆಯಿಂದ (ಟ್ರಿಗರ್) ದೂರ ಇಟ್ಟುಕೊಂಡೇ ಮನೆಗೆ ಬಂದೆ. ಹೊಸ ಕೊಟ್ಟಿಗೆ ಕಟ್ಟಲು ಹಾಕಿಸಿದ್ದ ಮರಳ ಗುಡ್ಡೆ ಅಂಗಳದಲ್ಲಿತ್ತು. ಬಾಯನ್ನು ಅದರ ಕಡೆಗೆ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದೆ. ಶಬ್ದ ಕೇಳಿ ಪಕ್ಕದ ಹೊಲದ ಅಣ್ಣನೂ ಬಂದಿದ್ದ. "ಕೋವಿ ಹಿಂದ್ಲ ಮರವ ಎರಡು ಸಲ ನೆಲಕ್ಕೆ ಗುದ್ದು, ತಾನೇ ಬಿಟ್ಕತದೆ" ಅಂದ. ಪಂಪ್ ಕೋವಿ ಕಚ್ಚಿಕೊಂಡಾಗ ಬಹಳ ಜನ ಹೇಳುವ ಉಪಾಯ ಇದೇ. ಒಳಗೆ ಜೀವಂತ ತೋಟಾ ಇರುವಾಗ ಇದನ್ನು ಯಾರೂ ಮಾಡಬಾರದು. ಗುದ್ದುವಾಗ ನಳಿಗೆಯ ಬಾಯಿ ನೇರವಾಗಿ ಗುದ್ದುವವನ ಗದ್ದದ ಕೆಳಗೇ ಬರುತ್ತದೆ. ನಾನು ಗುದ್ದಲಿಲ್ಲ. ಪಂಪ್ ಬಿಡಿಸುವ ಗುಂಡಿ ಒತ್ತಿ, ಕೆಳಗಿನ ಬಾಯಿಂದ ಹೆಬ್ಬೆರಳು ತೂರಿಸಿ ನೋಡಿದೆ. ಒಂದರ ಹಿಂದೆ ಇನ್ನೊಂದು ಎರಡು ತೋಟಾ ಸಿಕ್ಕಿಕೊಂಡಿದ್ದವು. ಎರಡನೆಯದನ್ನು ಕೆಳನಳಿಗೆಯ ಒಳಕ್ಕೆ ಒತ್ತಿ ಹಿಡಿದಾಗ ಮೊದಲನೆಯದು ಸಡಿಲವಾಗಿ ಅಂಗೈಗೆ ಬಿತ್ತು. ಆಮೇಲೆ ಉಳಿದವೂ ಬಂದವು. ಆ ಎರಡು ತೋಟಾಗಳಿಗೆ ಪೆನ್ನಿನಲ್ಲಿ ಗುರುತು ಹಾಕಿ ಬೇರೆ ಎತ್ತಿಟ್ಟೆ. ಮುಂದೆ ಆ ಗುರುತೇ ದಾರಿ ತೋರಿಸಿತು.

ಇದು 12 ಬೋರಿನ ಕೋವಿ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ, ಸುಮಾರು 18.5 ಮಿಲಿಮೀಟರ್. ಅಪ್ಪನ ಕಾಲದಲ್ಲಿ ಇದ್ದದ್ದು ಒಂಟಿ ನಳಿಗೆಯ ಕೋವಿ. ಅಪ್ಪ ಹೋದ ಮೇಲೆ ಬೆಳೆ ರಕ್ಷಣೆಯ ಲೈಸೆನ್ಸ್ ನನ್ನ ಹೆಸರಿಗೆ ಬಂತು, ಆಮೇಲೆ ಈ ಪಂಪ್ ಕೋವಿ ತಗೊಂಡೆ. ನಮ್ಮ ಕೆಲಸ ಶಬ್ದ ಮಾಡಿ ಹಂದಿಯನ್ನು ಓಡಿಸುವುದು, ಹೊಡೆಯುವುದಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುವ ಪ್ರಾಣಿ, ಲೈಸೆನ್ಸ್ ಇದೆ ಅಂತ ಹೊಡೆಯಲು ಬರುವುದಿಲ್ಲ.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒರೆಸುವುದು, ಎಣ್ಣೆ ಹಾಕುವುದು, ನೋಡುವುದು, ಅಳೆಯುವುದು, ಇಷ್ಟು ನಾನೇ ಮಾಡಿದೆ. ಭಾಗ ಬದಲಾಯಿಸುವುದು, ಅರ ಹಾಕಿ ಉಜ್ಜುವುದು ಬಂದಾಗ ಮೈಸೂರಿಗೆ ಹೋದೆ. 1959ರ ಆಯುಧ ಕಾಯ್ದೆಯಲ್ಲಿ ಕೋವಿ ರಿಪೇರಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಊರಿನ ಲೇತ್ ಅಂಗಡಿಯಲ್ಲಿ ಕೋವಿ ಬಿಚ್ಚಿಸುವವರನ್ನು ಕಂಡಿದ್ದೇನೆ. ಅದು ಕಾನೂನಿಗೂ ಸಲ್ಲದು, ಜೀವಕ್ಕೂ ಒಳ್ಳೆಯದಲ್ಲ.

ಬೆಳಕು ಹರಿದ ಮೇಲೆ ಮೊದಲು ಜೀವಂತ ತೋಟಾಗಳನ್ನೆಲ್ಲ ಒಳಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆಯೆಲ್ಲ ಡಮ್ಮಿ ತೋಟಾದಲ್ಲೇ. ಹಿಂದೊಮ್ಮೆ ಬಂದೂಕು ಅಂಗಡಿಯವರೇ ಕೊಟ್ಟ ನಾಲ್ಕು ಇದ್ದವು. ಅವಕ್ಕೆ ಮದ್ದಿಲ್ಲ, ಮದ್ದಿಗೆ ಕಿಡಿ ಕೊಡುವ ಕೇಪೂ ಇಲ್ಲ. ಒಳಗೆ ಮರದ ತುಂಡು ತುಂಬಿ ತೂಕ ಸರಿಮಾಡಿದ್ದಾರೆ. ನಾನು ಅವಕ್ಕೆ ಸುತ್ತಲೂ ಕೆಂಪು ಉಗುರುಬಣ್ಣದ ಪಟ್ಟಿ ಬಳಿದಿದ್ದೇನೆ. ಡಮ್ಮಿ ಮತ್ತು ನಿಜವಾದ ತೋಟಾ ಒಂದೇ ಕೋಣೆಯಲ್ಲಿ ಇರಬಾರದು ಎನ್ನುವುದು ನಮ್ಮ ಮನೆಯ ನಿಯಮ.

ಪಂಪ್ ಕೋವಿಯಲ್ಲಿ ತೋಟಾ ಮಾಡುವ ಪ್ರಯಾಣ ಸ್ವಲ್ಪ ದೊಡ್ಡದು. ಕೆಳನಳಿಗೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ತುದಿಯಿಂದ ಒಂದು ಸ್ಪ್ರಿಂಗ್ ಬಟ್ಟಲಿನಂಥ ಫಾಲೋವರ್ ಮೂಲಕ ಅವನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಬಾಯಲ್ಲಿ ಎರಡು ತಡೆ ಇವೆ, ರಿಪೇರಿಯವರು ಸ್ಟಾಪ್ ಅನ್ನುತ್ತಾರೆ. ನಾಲೆಯಲ್ಲಿ ಹಿಂದೆ ಮುಂದೆ ಎರಡು ತೂಬು ಇದ್ದಂತೆ ಅಂದುಕೊಳ್ಳಿ. ಪಂಪ್ ಪೂರ್ತಿ ಹಿಂದಕ್ಕೆ ಬಂದಾಗ ಒಂದು ತೂಬು ತೆರೆದು ಒಂದೇ ತೋಟಾ ಬಿಡುತ್ತದೆ. ಅಷ್ಟರಲ್ಲಿ ಇನ್ನೊಂದು ತೂಬು ಮುಚ್ಚಿ ಎರಡನೆಯದನ್ನು ತಡೆದಿರುತ್ತದೆ. ಬಿಟ್ಟ ತೋಟಾ ಲಿಫ್ಟರ್ ಅನ್ನುವ ಎತ್ತುವ ತಟ್ಟೆಯ ಮೇಲೆ ಬೀಳುತ್ತದೆ. ಪಂಪ್ ಮುಂದಕ್ಕೆ ಹೋಗುವಾಗ ಲಿಫ್ಟರ್ ಮೇಲೇಳುತ್ತದೆ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ಹಿಂದಿನಿಂದ ತಳ್ಳಿ ತೋಟಾವನ್ನು ನಳಿಗೆಯೊಳಗೆ ಕೂರಿಸುತ್ತದೆ, ಬೋಲ್ಟಿನ ಉಗುರು ಅದರ ಅಂಚನ್ನು ಹಿಡಿದುಕೊಳ್ಳುತ್ತದೆ.

ಆದ್ದರಿಂದ "ತೋಟಾ ಬರ್ತಿಲ್ಲ" ಅಂದರೆ ಏನೂ ಹೇಳಿದಂತಾಗಲಿಲ್ಲ. ಎಲ್ಲಿ ನಿಂತಿತು ಅನ್ನಬೇಕು. ಕೆಳನಳಿಗೆಯಿಂದ ಹೊರಡಲೇ ಇಲ್ಲವೋ, ಎರಡು ಒಟ್ಟಿಗೆ ಹೊರಟವೋ, ಲಿಫ್ಟರ್ ಮೇಲೇಳಲಿಲ್ಲವೋ, ಎದ್ದ ಮೇಲೆ ನಳಿಗೆಯ ಬಾಯಲ್ಲಿ ಸಿಕ್ಕಿತೋ, ಹೊಡೆದ ಖಾಲಿ ತೋಟಾ ಹೊರಬರದೆ ದಾರಿಗೆ ಅಡ್ಡ ಕೂತಿತೋ. ಒಂದೊಂದಕ್ಕೂ ಕಾರಣ ಬೇರೆ. ಇದನ್ನು ಗುರುತಿಸದೆ ಸ್ಪ್ರಿಂಗ್ ಬದಲಾಯಿಸು, ಸ್ಟಾಪ್ ಬಗ್ಗಿಸು ಅಂತ ಕೈ ಹಾಕಿದರೆ ಸರಿಯಿದ್ದ ಭಾಗವೂ ಕೆಡುತ್ತದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಐದು ಕಾಲಂ ಗೆರೆ ಎಳೆದು, ಪ್ರತಿ ಸಲ ಎಲ್ಲಿ ನಿಂತಿತೋ ಅಲ್ಲಿ ಒಂದು ಗೀಟು ಹಾಕಬೇಕು ಅಂತ ನಿಶ್ಚಯ ಮಾಡಿದೆ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಜಗಲಿಯ ಮೇಲೆ ಕೂತು ನಾಲ್ಕು ಡಮ್ಮಿಯನ್ನು ಹನ್ನೆರಡು ಸಲ ತುಂಬಿ ಓಡಿಸಿದೆ. ನಲವತ್ತೆಂಟು ತೋಟಾ. ಒಂದೂ ಕಚ್ಚಲಿಲ್ಲ.

ಪಂಪ್ ಎಳೆಯುವ ನನ್ನ ಕೈಯಲ್ಲೇ ತಪ್ಪಿದೆಯೇ ಅಂತಲೂ ನೋಡಿದೆ. ಊರ ಬೋರ್‌ವೆಲ್ ಕೈಪಂಪಿನ ಹಿಡಿಯನ್ನು ಅರ್ಧರ್ಧ ಒತ್ತಿದರೆ ನೀರು ಬರುವುದಿಲ್ಲ, ಇದೂ ಹಾಗೆಯೇ. ಗಾಬರಿಯಲ್ಲಿ ಪೂರ್ತಿ ಎಳೆಯದೆ ಮುಂದಕ್ಕೆ ತಳ್ಳಿದರೆ ತೂಬು ತೆರೆಯುವುದೇ ಇಲ್ಲ. ಬೇಕೆಂದೇ ಮುಕ್ಕಾಲು ಮಾತ್ರ ಎಳೆದು ನೋಡಿದೆ, ತೋಟಾ ಬರಲಿಲ್ಲ. ಆದರೆ ಪಂಪ್ ಮಧ್ಯಕ್ಕೆ ಕಚ್ಚಿಕೊಳ್ಳಲೂ ಇಲ್ಲ, ಎರಡು ಒಟ್ಟಿಗೆ ಬರಲೂ ಇಲ್ಲ. ಅಂದಮೇಲೆ ಅವತ್ತು ಜಾವದಲ್ಲಿ ಆದದ್ದಕ್ಕೆ ಕೈಯೊಂದೇ ಕಾರಣವಾಗಿರಲಿಲ್ಲ.

ಡಮ್ಮಿ ಓಡುತ್ತದೆ, ನಿಜವಾದದ್ದು ಓಡುವುದಿಲ್ಲ ಅಂದರೆ ತೋಟಾದ ಮೇಲೆ ಅನುಮಾನ ಬರುವುದು ಸಹಜ. ತಂಗಿ ಮಗನಿಂದ ದಪ್ಪ ಅಳೆಯುವ ವರ್ನಿಯರ್ ಈಸಿಕೊಂಡು ಎಲ್ಲವನ್ನೂ ಅಳೆದೆ. ಹೊಸ ಪ್ಲಾಸ್ಟಿಕ್ ತೋಟಾಗಳು ಬುಡದ ಹಿತ್ತಾಳೆ ಬಟ್ಟಲಿನ ಮೇಲ್ಗಡೆ 20.3 ಮಿಲಿಮೀಟರ್ ಆಸುಪಾಸು ಬಂದವು. ಡಬ್ಬದ ತಳದಲ್ಲಿ ಅಪ್ಪನ ಕಾಲದ ಆರು ಕಾಗದದ ತೋಟಾ ಇದ್ದವು. ಅವು 20.8, ಒಂದು 20.9. ಕಾಗದ ತೇವ ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ ಉಬ್ಬುವುದಿಲ್ಲ. ಅಷ್ಟು ಉಬ್ಬಿದ್ದು ನಳಿಗೆಯೊಳಗೆ ಸಲೀಸಾಗಿ ಕೂರುವುದಿಲ್ಲ, ಬಲವಂತ ಮಾಡಿ ಕೂರಿಸಲೂಬಾರದು. ಆರನ್ನೂ ಬೇರೆ ಚೀಲಕ್ಕೆ ಹಾಕಿದೆ. ಇಂಥವನ್ನು ಒಲೆಗೆ ಹಾಕುವುದು, ಬಾವಿಗೆ ಎಸೆಯುವುದು, ಹೂಳುವುದು ಮಾಡದೆ ಅಂಗಡಿಗೆ ಮರಳಿಸಬೇಕು.

ಉದ್ದದ ವಿಷಯವೂ ಇದೆ. ತೋಟಾದ ಮೇಲೆ 70 ಮಿಲಿಮೀಟರ್ ಅಂತ ಬರೆದಿರುವುದು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಿಸಿ ಮುಚ್ಚಿದ ಹೊಸ ತೋಟಾ ಅಳೆದರೆ 60ರ ಆಸುಪಾಸು ಬರುತ್ತದೆ, ಅದನ್ನು ಕಂಡು ಮೋಸ ಮಾಡಿದ್ದಾರೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋದವರಿದ್ದಾರೆ. ಇನ್ನು ಒಂದು ಮಾತು ಇದಕ್ಕೆ ಸೇರಿದ್ದಲ್ಲ, ಆದರೂ ಬಿಡಲಾರೆ. 12 ಬೋರಿನ ಡಬ್ಬದಲ್ಲಿ 20 ಬೋರಿನ ತೋಟಾ ಅಪ್ಪಿತಪ್ಪಿಯೂ ಇರಬಾರದು. ಅದು ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಹಿಂದೆ 12ರದು ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದು ಈ ಅಪಾಯಕ್ಕಾಗಿಯೇ.

ಉಬ್ಬಿದ ತೋಟಾ ಸಿಕ್ಕಿದ್ದರಿಂದ ರೋಗ ಸಿಕ್ಕಿತು ಅಂದುಕೊಳ್ಳಬಹುದಿತ್ತು. ಆದರೆ ಪೆನ್ನಿನ ಗುರುತಿದ್ದ ಎರಡೂ ತೋಟಾ ಪ್ಲಾಸ್ಟಿಕ್ಕಿನವು, 20.3. ಅವತ್ತು ಕಚ್ಚಿಕೊಂಡಿದ್ದು ಅವೇ. ಉಬ್ಬಿದ ಕಾಗದದ ತೋಟಾ ಅವತ್ತು ಕೋವಿಯೊಳಗೆ ಇರಲೇ ಇಲ್ಲ.

ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಬೆಳಿಗ್ಗೆ ಅವ್ವ ಮೊಮ್ಮಗಳಿಗೆ ಜಡೆ ಹಾಕಲು ಕೂತಿತ್ತು. ಎಣ್ಣೆ ಸೀಸೆಯನ್ನು ತಲೆಕೆಳಗು ಮಾಡಿ ಅಂಗೈಗೆ ತಟ್ಟಿತು, ಏನೂ ಬೀಳಲಿಲ್ಲ. "ಲೋ ಮಗ, ಎಣ್ಣೆ ಗಟ್ಟಿ ಆಗೈತೆ, ಒಸಿ ಒಲೆ ಮಗ್ಗುಲಲ್ಲಿ ಇಡಪ್ಪ" ಅಂತು. ನಮ್ಮದೇ ತೋಟದ ಕೊಬ್ಬರಿ, ಗಾಣದಲ್ಲಿ ಆಡಿಸಿದ ಎಣ್ಣೆ. ಸೀಸೆ ಕೈಗೆ ತಗೊಂಡೆ. ಒಳಗೆ ಬೆಳ್ಳಗೆ ತುಪ್ಪದ ಹಾಗೆ ಹೆಪ್ಪುಗಟ್ಟಿ, ಮೇಲೆ ಬೆರಳಗಲ ಮಾತ್ರ ತಿಳಿ ನಿಂತಿತ್ತು. ಅಲ್ಲೇ ನಿಂತುಬಿಟ್ಟೆ.

ಕೋವಿಗೆ ನಾನು ಹಾಕುತ್ತಿದ್ದದ್ದು ಅದೇ ಎಣ್ಣೆ. ಅಪ್ಪನೂ ಅದನ್ನೇ ಹಾಕುತ್ತಿದ್ದರು. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ರಂದು ನೀತಿ ಸಂಹಿತೆ ಬಂತು, ನಮ್ಮ ಕಡೆ ಮತದಾನ ಏಪ್ರಿಲ್ 26ಕ್ಕೆ. ಉಳಿದ ಲೈಸೆನ್ಸ್‌ದಾರರ ಹಾಗೆ ನಾನೂ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಿದ್ದೆ. ತಿಂಗಳುಗಟ್ಟಲೆ ಮುಟ್ಟಲು ಆಗುವುದಿಲ್ಲ, ತುಕ್ಕು ಹಿಡಿಯಬಾರದು ಅಂತ ಒಪ್ಪಿಸುವ ಮುಂಚೆ ಕೆಳನಳಿಗೆಯೊಳಗೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಬಿಟ್ಟಿದ್ದೆ. ಅಲ್ಲಿ ಜೋಪಾನವಾಗಿಯೇ ಇಟ್ಟಿದ್ದರು, ಜೂನ್‌ನಲ್ಲಿ ವಾಪಸ್ ಬಂದಾಗ ಒಂದು ಚುಕ್ಕೆ ತುಕ್ಕಿರಲಿಲ್ಲ. ಮಳೆಗಾಲದಲ್ಲಿ ಒಂದೆರಡು ಸಲ ಈಡು ಹಾಕಿದಾಗಲೂ ತೊಂದರೆ ಕಾಣಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತಾ ಬರುತ್ತದೆ. ನಮ್ಮಲ್ಲಿ ಜಾವದ ಚಳಿ ಬಿಗಿಯಾಗುವುದು ಡಿಸೆಂಬರ್‌ನಲ್ಲೇ ಅಲ್ಲವೇ?

ಹುಳುಮನೆಯಲ್ಲಿ ರೇಷ್ಮೆಗೆ ಅಂತ ತೂಗುಹಾಕಿದ್ದ ಥರ್ಮಾಮೀಟರ್ ತಂದೆ. ರಾತ್ರಿಯಿಡೀ ಕೋವಿಯನ್ನು ಗಾಳಿಯಾಡುವ ಹಿಂದಿನ ಕೋಣೆಯಲ್ಲಿ ಬೀಗ ಹಾಕಿ ಇಟ್ಟು, ಬೆಳಗಿನ ಜಾವ ಐದಕ್ಕೆ ಎದ್ದು ನೋಡಿದೆ, 16 ಡಿಗ್ರಿ. ಮತ್ತೆ ಅದೇ ನಾಲ್ಕು ಡಮ್ಮಿ, ಹನ್ನೆರಡು ಸಲ. ನಲವತ್ತೆಂಟರಲ್ಲಿ ಒಂಬತ್ತು ಕಚ್ಚಿಕೊಂಡವು! ಏಳು ಸಲ ಕೊನೆಯ ತೋಟಾ ಕೆಳನಳಿಗೆಯಿಂದ ಹೊರಡಲೇ ಇಲ್ಲ. ಎರಡು ಸಲ ಜೋಡಿ ತೋಟಾ ಬಂತು. ಉಳಿದ ಮೂರು ಕಾಲಂಗಳಲ್ಲಿ ಒಂದು ಗೀಟೂ ಇಲ್ಲ. ಹಗಲು 28 ಡಿಗ್ರಿಯಲ್ಲಿ ಸೊನ್ನೆ, ಜಾವದಲ್ಲಿ ಒಂಬತ್ತು. ಅಲ್ಲಿಗೆ ರೋಗ ಎಲ್ಲಿದೆ ಅಂತ ಕೋವಿ ಬಿಚ್ಚುವ ಮೊದಲೇ ಗೊತ್ತಾಗಿತ್ತು.

ಕೊನೆಯ ತೋಟಾನೇ ಯಾಕೆ ನಿಲ್ಲುತ್ತದೆ ಅನ್ನುವುದೂ ಸರಿಹೋಯಿತು. ನಾಲ್ಕು ತುಂಬಿದಾಗ ಸ್ಪ್ರಿಂಗ್ ಅಮುಕಿಕೊಂಡು ಬಲವಾಗಿ ತಳ್ಳುತ್ತದೆ. ಒಂದೊಂದೇ ಖಾಲಿಯಾದಂತೆ ಸ್ಪ್ರಿಂಗ್ ಬಿಚ್ಚಿಕೊಂಡು ಬಲ ಕಳೆದುಕೊಳ್ಳುತ್ತದೆ. ಕೊನೆಯದನ್ನು ತಳ್ಳುವಾಗ ಉಳಿದಿರುವುದು ಅತಿ ಕಡಿಮೆ ಬಲ. ದಾರಿಯಲ್ಲಿ ಗಟ್ಟಿ ಎಣ್ಣೆ ಇದ್ದರೆ ಅದು ಸೋಲುವುದು ಅಲ್ಲೇ. ಅವತ್ತು ಹೊಲದಲ್ಲಿ ಮೊದಲ ಈಡಾದ ಮೇಲೇ ಎಡವಿದ್ದು ನೋಡಿದರೆ ಮಂಜಿನಲ್ಲಿ ಗಂಟೆಗಟ್ಟಲೆ ನಿಂತ ಕೋವಿ ಇನ್ನೂ ತಣ್ಣಗಾಗಿತ್ತು ಅನ್ನಿಸುತ್ತದೆ.

ಬಿಚ್ಚುವ ಮೊದಲು ಮತ್ತೊಮ್ಮೆ ಕಣ್ಣಿಂದಲೂ ಕಿರುಬೆರಳಿಂದಲೂ ನಳಿಗೆ ಖಾಲಿ, ಕೆಳನಳಿಗೆ ಖಾಲಿ ಅಂತ ಖಾತ್ರಿ ಮಾಡಿಕೊಂಡೆ. ಮುಂದಿನ ತಿರುಪು ಬಿಚ್ಚಿ ದೊಡ್ಡ ನಳಿಗೆ ತೆಗೆದಿಟ್ಟೆ. ಕೆಳನಳಿಗೆಯ ಮುಂದಿನ ತುದಿಯಲ್ಲಿರುವ ಬಿರಡೆಯನ್ನು ತೆಗೆಯುವಾಗ ಮಡಿಸಿದ ಬಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿಯಬೇಕು, ಮುಖವನ್ನು ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಸ್ಪ್ರಿಂಗ್ ಒಂದೇ ಏಟಿಗೆ ಚಿಮ್ಮಿದರೆ ಕಣ್ಣಿಗೆ ಹೊಡೆಯುತ್ತದೆ. ನನ್ನದು ಚಿಮ್ಮಲಿಲ್ಲ. ತುದಿಯಿಂದ ನಾಲ್ಕು ಬೆರಳಷ್ಟು ಮೆಲ್ಲಗೆ ಹೊರಬಂದು ನಿಂತಿತು. ಇದನ್ನೂ ಬರೆದುಕೊಂಡೆ.

ಫಾಲೋವರ್ ಎಳೆದಾಗ ಅದರ ಹಿಂದೆ ಬಂದದ್ದನ್ನು ಹೇಗೆ ಹೇಳಲಿ. ಹುಚ್ಚೆಳ್ಳು ಚಟ್ನಿಯ ಬಣ್ಣ, ಅಂಟು, ಬೆರಳಲ್ಲಿ ತಿಕ್ಕಿದರೆ ಮರಳುಮರಳು. ಬೆಳಕಿಗೆ ಹಿಡಿದು ನೋಡಿದರೆ ರಾಗಿ ಹೊಟ್ಟಿನ ಸಣ್ಣ ಸಣ್ಣ ಚೂರು. ಕುಯ್ಲಿನ ದಿನಗಳಲ್ಲಿ ಕೋವಿಯನ್ನು ಕಣದ ಪಕ್ಕದ ಗುಡಿಸಲಿನಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆ. ಹೊಟ್ಟು ಹಾರಿ ಬಂದು ಎಣ್ಣೆಗೆ ಅಂಟಿದೆ, ಎಣ್ಣೆ ಹಳಸಿ ಮೇಣವಾಗಿದೆ. ಮೂಗಿಗೆ ಹಿಡಿದರೆ ಹಳೆ ಕೊಬ್ಬರಿ ಬಟ್ಟಲಿನ ವಾಸನೆ. ಫಾಲೋವರ್ ಸುತ್ತ ಇದು ಉಂಗುರದ ಹಾಗೆ ಕಟ್ಟಿಕೊಂಡಿತ್ತು.

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಒಳಗೆ ಆಡಿಸಿದೆ. ಮೊದಲ ಬಟ್ಟೆ ಕಪ್ಪಾಗಿ ಬಂತು, ಐದನೆಯದು ಕಂದು, ಒಂಬತ್ತನೆಯದು ಬೆಳ್ಳಗೆ. ಮೂಲೆಯಲ್ಲಿ ಗಟ್ಟಿಯಾಗಿ ಕೂತಿದ್ದನ್ನು ಹಿತ್ತಾಳೆಯ ಸಣ್ಣ ಕಡ್ಡಿಯಿಂದ ಕೆರೆದೆ. ನಾಗಮಂಗಲದ ಎರಕದವರ ಮನೆಯಿಂದ ತಂದ ತುಂಡು ಅದು. ಹಿತ್ತಾಳೆ ಮೆದು, ಉಕ್ಕಿಗೆ ಗೀರು ಬೀಳುವುದಿಲ್ಲ. ಸ್ಪ್ರಿಂಗನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಎಲ್ಲ ಒಣಗಿದ ಮೇಲೆ ಹೊಲಿಗೆ ಮಿಷನ್ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಬಿಟ್ಟು ಸ್ಪ್ರಿಂಗಿಗೂ ಹೊರಮೈಗೂ ಸವರಿದೆ. ಕೆಳನಳಿಗೆಯ ಒಳಗೆ ಸವರಿ, ಆಮೇಲೆ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿಬಿಟ್ಟೆ. ಅಲ್ಲಿ ಎಣ್ಣೆ ನಿಲ್ಲಲೇಬಾರದು. ಧೂಳು ಹಿಡಿಯುತ್ತದೆ ಅನ್ನುವುದು ಒಂದು. ತೋಟಾದ ಕೇಪಿನೊಳಕ್ಕೆ ಎಣ್ಣೆ ಇಳಿದರೆ ಅದು ಸಿಡಿಯದೇ ಹೋಗಬಹುದು ಅನ್ನುವುದು ಇನ್ನೊಂದು.

ಮಾರನೆಯ ಜಾವ, ಮತ್ತೆ 16 ಡಿಗ್ರಿ, ನಲವತ್ತೆಂಟು. ಕೊನೆಯ ತೋಟಾ ನಿಂತದ್ದು ಏಳರಿಂದ ಒಂದಕ್ಕೆ ಇಳಿದಿತ್ತು. ಜೋಡಿ ತೋಟಾ ಬಂದದ್ದು ಮಾತ್ರ ಎರಡು ಇದ್ದದ್ದು ಎರಡೇ ಉಳಿಯಿತು. ಅದು ಎಣ್ಣೆಯ ಕೆಲಸವಲ್ಲ, ಬೇರೆ ರೋಗ. ಪುಸ್ತಕದಲ್ಲಿ ಬೇರೆ ಬೇರೆ ಕಾಲಂ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಒಟ್ಟು ಲೆಕ್ಕ ಮಾತ್ರ ಬರೆದಿದ್ದರೆ ಒಂಬತ್ತು ಇದ್ದದ್ದು ಮೂರಾಯಿತು, ಇನ್ನೊಂದು ಸಲ ಒರೆಸಿದರೆ ಸೊನ್ನೆಯಾದೀತು ಅಂದುಕೊಂಡು ಒರೆಸುತ್ತಲೇ ಇರುತ್ತಿದ್ದೆ.

ಕೋವಿಯನ್ನು ಖಾಲಿ ಮಾಡಿ, ಚೀಲದಲ್ಲಿ ಕಟ್ಟಿ, ಲೈಸೆನ್ಸ್ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋದೆ. ಅಲ್ಲಿ ರಿಪೇರಿ ಲೈಸೆನ್ಸ್ ಇರುವ ಹಿರಿಯರೊಬ್ಬರಿದ್ದಾರೆ. ನನ್ನ ಪುಸ್ತಕದ ಹಾಳೆ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಗೀಟುಗಳ ಮೇಲೆ ಬೆರಳಾಡಿಸಿದರು.

"ಗೌಡ್ರೆ, ಎಲ್ಲರೂ ಬಂದು ಕೋವಿ ಕೆಟ್ಟೋಗಿದೆ ಅಂತಾರೆ. ಎಲ್ಲಿ ನಿಲ್ತದೆ ಅಂತ ಬರ್ಕೊಂಡು ಬಂದೋರು ನೀವೇ" ಅಂದರು. ಆಮೇಲೆ, "ಕೊಬ್ಬರಿ ಎಣ್ಣೆ ತಾನೇ?" ಅಂತ ಕೇಳಿದರು. ನಾನಿನ್ನೂ ಹೇಳಿರಲಿಲ್ಲ. ಚೀಲ ಬಿಚ್ಚಿದಾಗಲೇ ಅವರಿಗೆ ವಾಸನೆ ಹತ್ತಿತ್ತು. ಹರಳೆಣ್ಣೆ ಹಾಕಿ ತರುವವರೂ ಇದ್ದಾರಂತೆ. ಅದು ಹಳೆಯದಾದರೆ ಅಂಟಂಟಾಗಿಬಿಡುತ್ತದೆ ಅಂದರು.

ಎರಡನೇ ತೋಟಾ ತಡೆಯುವ ಸ್ಟಾಪಿನ ಮೂತಿಯನ್ನು ಭೂತಗನ್ನಡಿಯಲ್ಲಿ ತೋರಿಸಿದರು. ತೋಟಾದ ಅಂಚು ಬಂದು ತಗಲುವ ಕಡೆ ಚೂಪಾದ ಮೂಲೆ ಇರಬೇಕು, ನನ್ನದು ಸವೆದು ಬಳಪದ ತುದಿಯ ಹಾಗೆ ದುಂಡಗಾಗಿತ್ತು. ಬಹಳ ಸಲ ತಡೆಯುತ್ತದೆ, ಒಂದೊಂದು ಸಲ ಜಾರಿಬಿಡುತ್ತದೆ. ಅವರು ಉಗುರಿನಿಂದ ಅದನ್ನು ಒತ್ತಿ ಬಿಟ್ಟರು. ತಟ್ಟನೆ ವಾಪಸ್ ಬರಬೇಕಾದದ್ದು ಸೋಮಾರಿಯಾಗಿ ಎದ್ದಿತು. ಅಂಥದಕ್ಕೆ ಅರ ಹಾಕಿ ಮತ್ತೆ ಚೂಪು ಮಾಡಬಹುದಲ್ಲ ಅಂತ ಕೇಳಿದೆ. ಒಪ್ಪಲಿಲ್ಲ. ಮೂತಿ ಗಿಡ್ಡವಾದಷ್ಟೂ ತೂಬು ಮುಚ್ಚುವ ಸಮಯ ತಪ್ಪುತ್ತದೆ, ಇನ್ನೂ ಕೆಡುತ್ತದೆ ಅಂದರು. ಹೊಸದನ್ನೇ ಹಾಕಿದರು. ಹಾಕಿದ ಮೇಲೆ ಡಮ್ಮಿ ತುಂಬಿ, ಕೋವಿಯನ್ನು ಮಲಗಿಸಿ, ನಿಲ್ಲಿಸಿ, ಬಾಯಿ ಕೆಳಗೆ ಮಾಡಿ, ಬಾಯಿ ಮೇಲೆ ಮಾಡಿ ಪ್ರತಿ ಭಂಗಿಯಲ್ಲೂ ಓಡಿಸಿದರು. ಮನೆಯಲ್ಲಿ ನಾನು ಬರೀ ಅಡ್ಡ ಹಿಡಿದು ಓಡಿಸಿದ್ದೆ, ಇದು ನನಗೆ ಹೊಳೆದಿರಲಿಲ್ಲ.

ಸ್ಪ್ರಿಂಗಿನ ನಾಲ್ಕು ಬೆರಳಿನ ವಿಷಯ ಹೇಳಿದೆ. ಖಾಲಿ ಕೆಳನಳಿಗೆಯಿಂದ ಸ್ಪ್ರಿಂಗ್ ಹತ್ತಿರ ಹತ್ತಿರ ಒಂದು ಗೇಣಾದರೂ ಹೊರಗೆ ನಿಲ್ಲಬೇಕು ಅನ್ನುವುದು ಅವರ ಕೈಲೆಕ್ಕ. ಹಳೆಯದನ್ನು ಹೊಸದರ ಪಕ್ಕ ಮೇಜಿನ ಮೇಲೆ ಮಲಗಿಸಿದರು. ಅರ್ಧ ಗೇಣಿಗಿಂತ ಜಾಸ್ತಿ ಗಿಡ್ಡ. ಹಳೇ ಸ್ಪ್ರಿಂಗನ್ನು ಕೈಯಲ್ಲಿ ಎಳೆದು ಉದ್ದ ಮಾಡಿ ಹಾಕುವವರಿದ್ದಾರೆ, ಅದು ಒಂದು ವಾರದ ಮಾತು. ಹೊಸದನ್ನೇ ಹಾಕಿಸಿದೆ. ಉಬ್ಬಿದ ಆರು ತೋಟಾಗಳನ್ನೂ ಅಲ್ಲೇ ಒಪ್ಪಿಸಿ ರಸೀದಿ ತಗೊಂಡೆ.

ಸಂಕ್ರಾಂತಿಯ ಹಿಂದಿನ ವಾರ ಚಳಿ ಇನ್ನೂ ಬಿಗಿಯಾಯಿತು. ಜಾವ ಐದಕ್ಕೆ ಥರ್ಮಾಮೀಟರ್ 14 ತೋರಿಸಿತು. ಅವತ್ತು ಇಪ್ಪತ್ತೈದು ಸಲ ತುಂಬಿದೆ, ನೂರು ತೋಟಾ. ಬಾಯಿ ಮೇಲೆ, ಬಾಯಿ ಕೆಳಗೆ, ಅಡ್ಡ, ನಿಧಾನ, ಜೋರು. ಐದು ಕಾಲಮಿನಲ್ಲಿ ಒಂದು ಗೀಟೂ ಬೀಳಲಿಲ್ಲ. ಎರಡು ದಿನ ಬಿಟ್ಟು ಹಂದಿಗಳು ಅವರೆ ಸಾಲಿಗೆ ಬಂದವು. ಒಣಕೆರೆ ಕಡೆ ಮೂರು ಈಡು, ಒಂದರ ಹಿಂದೆ ಒಂದು. ಪ್ರತಿ ಸಲ ಪಂಪ್ ಮುಂದಕ್ಕೆ ಹೋದಾಗ ತೋಟಾ ಕೂತ ಆ ಭಾರ ಕೈಗೆ ಗೊತ್ತಾಯಿತು.

ಕೋವಿಯ ಪೆಟ್ಟಿಗೆಯಲ್ಲಿ ಈಗ ಹೊಲಿಗೆ ಮಿಷನ್ ಎಣ್ಣೆಯ ಡಬ್ಬಿ, ಒಣಬಟ್ಟೆ, ಹಿತ್ತಾಳೆ ಕಡ್ಡಿ ಇವೆ. ಕಣದ ಗುಡಿಸಲಿಗೆ ಒಯ್ಯುವಾಗ ಬಟ್ಟೆಯ ಗವುಸು ಹಾಕಿಯೇ ಒಯ್ಯುತ್ತೇನೆ. ಒಂದು ಕೆಲಸ ಬಾಕಿ ಇದೆ. ಆ ಮೂರು ಈಡಿನಲ್ಲಿ ಎರಡನೆಯ ಖಾಲಿ ತೋಟಾ ದೂರ ಹಾರದೆ ಕಾಲಬುಡಕ್ಕೇ ಬಿತ್ತು. ಬೆಳಿಗ್ಗೆ ಹೋಗಿ ಆರಿಸಿ ತಂದೆ. ಅಂಚಿನ ಮೇಲೆ ಬೋಲ್ಟಿನ ಉಗುರು ಜಾರಿದ ಒಂದು ಸಣ್ಣ ಗೀರು ಇದೆ, ಉಳಿದೆರಡರಲ್ಲಿ ಇಲ್ಲ. ಪುಸ್ತಕದ ಐದನೇ ಕಾಲಮಿನಲ್ಲಿ ಮೊದಲ ಗೀಟು ಎಳೆದು, ಆ ಖಾಲಿ ತೋಟಾವನ್ನು ಮೈಸೂರಿಗೆ ಒಯ್ಯಲು ಅಂತ ಎತ್ತಿಟ್ಟಿದ್ದೇನೆ.